ಕಾರ್ಯದರ್ಶಿ ಕಂಡ ಗಿಡ

ಲಕೋಟೆ ಬಂದ ದಿನದಿಂದ ಸ್ವರ್ಣಲತಾಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮಸ್ಕತ್ತಿನ ಖುರುಮ್‌ನಲ್ಲಿದ್ದ ತನ್ನ ಆಫೀಸಿನ ಪೋಸ್ಟ್ ಬಾಕ್ಸಿನಿಂದ ಅದನ್ನು ಅಲ್ ಗುಬ್ರಾದ ಫ್ಲಾಟಿಗೆ ತಂದು ಫ್ರಿಜ್ಜಿನ ಮೇಲಿಟ್ಟಳು. ಅಲ್ಲಿಂದ ದೇವರ ಪಟದ ಹಿಂದಕ್ಕೆ ಹೋಯಿತು, ಅಲ್ಲಿಂದ ಕೈಚೀಲಕ್ಕೆ. ಬೆಳಕಿಗೆ ಹಿಡಿದು ನೋಡಿದ್ದೂ ಆಯಿತು. ಆದರೆ ಒಡೆಯುವಂತಿರಲಿಲ್ಲ. ಹಾಗೆಂದು ನಿಯಮ ಮಾಡಿದವಳು ಅವಳೇ.

"ಇಡ್ಲಿ ಪಾತ್ರೆಯ ಹಬೆಗೆ ಹಿಡಿ ಮಾರಾಯ್ತಿ, ಅಂಟು ಬಿಡ್ತದೆ," ಎಂದ ಗಂಡ ಸಂಕಪ್ಪ.

"ನೀವು ಸುಮ್ಮನಿರಿ. ಸಂಘ ಅಂದ್ರೆ ನಿಮಗೆ ತಮಾಷೆ."

ಸಂಘವೆಂದರೆ ಮಸ್ಕತ್ತಿನ ಕರಾವಳಿಯವರ ಸಸ್ಯಾಸಕ್ತರ ಸಂಘ. ಅಧ್ಯಕ್ಷ ಜೂಲಿಯನ್, ಬಜ್ಪೆಯವರು, ವಿಮಾ ಕಂಪೆನಿಯೊಂದರಲ್ಲಿ ಮ್ಯಾನೇಜರ್. ಇನ್ನೂರು ವರ್ಷಗಳ ಹಿಂದೆ ಗಿಡ ಹುಡುಕುತ್ತ ಊರೂರು ಅಲೆದವರು ಪರಸ್ಪರ ಬರೆದುಕೊಂಡ ಕಾಗದಗಳೆಂದರೆ ಅವರಿಗೆ ಪ್ರಾಣ. ಒಣಗಿಸಿದ ಒಂದು ಎಲೆ ಹಡಗಿನಲ್ಲಿ ಹೋಗಿ, ಅದರ ಹೆಸರು ಇನ್ನೊಂದು ಹಡಗಿನಲ್ಲಿ ಬರುವವರೆಗೆ ಕಾಯುತ್ತಿದ್ದ ಆ ಜನರ ಕಾಗದಗಳನ್ನು ಪ್ರತಿ ಸಭೆಯಲ್ಲೂ ಓದುತ್ತಿದ್ದರು. ಅದನ್ನು ಕೇಳಿ ಕೇಳಿ ಹುರುಪೇರಿದ ಸ್ವರ್ಣಲತಾ ಒಂದು ದಿನ ಸೂಚಿಸಿದ್ದಳು: ನಮ್ಮ ಸಂಘವೂ ಹಾಗೆಯೇ ನಡೆಯಲಿ. ಗಿಡದ ವಿಚಾರ ವಾಟ್ಸಾಪಿನಲ್ಲಿ ಬೇಡ, ಕೈಬರಹದ ಕಾಗದವೇ ಆಗಲಿ. ಬಂದ ಉತ್ತರವನ್ನು ಕಾರ್ಯದರ್ಶಿಯಾದ ತಾನೂ ಒಡೆಯಬಾರದು, ಅಧ್ಯಕ್ಷರೇ ಸಭೆಯಲ್ಲಿ ಒಡೆದು ಓದಬೇಕು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಎಂದರೆ ಇದೇ.

ಅಲ್ ಅಜೈಬಾದಲ್ಲಿ ಜೂಲಿಯನ್ ಅವರ ಮನೆಯ ಕಪಾಟಿನಲ್ಲಿ ಸಂಘದ ಒಣಗಿಡಗಳ ಹಾಳೆಗಳಿದ್ದವು. ಪ್ರತಿ ಹಾಳೆಯ ಮೂಲೆಯಲ್ಲಿ ಗಿಡದ ಹೆಸರು, ಕಂಡ ಜಾಗ, ಕಂಡವರ ಹೆಸರು. ಬರೆದದ್ದೆಲ್ಲ ಸ್ವರ್ಣಲತಾಳ ದುಂಡಗಿನ ಅಕ್ಷರ. ಆದರೆ ಕಂಡವರ ಸಾಲಿನಲ್ಲಿ ಅವಳ ಹೆಸರು ಒಂದರಲ್ಲೂ ಇರಲಿಲ್ಲ. ಮದುವೆಯಾಗಿ ಈ ದೇಶಕ್ಕೆ ಬಂದವಳು, ಮಗಳನ್ನು ಇಲ್ಲೇ ಹೆತ್ತು ಬೆಳೆಸಿದವಳು. ಈಗ ಸಂಕಪ್ಪನ ಕಂಪೆನಿ ಖಲಾಸ್, ಇನ್ನು ಕೆಲಸವಿಲ್ಲ ಎಂದಿತ್ತು, ತಿಂಗಳ ಕೊನೆಗೆ ವೀಸಾ ಮುಗಿಯುತ್ತಿತ್ತು. ಫ್ಲಾಟಿಗೆ ಬೇರೆಯವರು ಬರುತ್ತಾರೆ, ಆಫೀಸಿನ ಕುರ್ಚಿಗೂ ಬರುತ್ತಾರೆ. ತಾನಿಲ್ಲಿ ಇದ್ದೆ ಎನ್ನುವುದಕ್ಕೆ ಒಂದು ಹಾಳೆಯಾದರೂ ಉಳಿಯಲಿ ಎಂಬುದೇ ಅವಳ ಆಸೆ.

ಗಿಡ ಸಿಕ್ಕಿದ್ದು ಈ ಫೆಬ್ರವರಿಯಲ್ಲಿ. ಮಳೆ ಬಂದಾಗ ಮಾತ್ರ ಹರಿಯುವ, ಇಲ್ಲಿಯವರು ವಾದಿ ಎನ್ನುವ ಒಂದು ಹಳ್ಳದ ದಂಡೆಯಲ್ಲಿ, ಮಗಳು ಚಿಕ್ಕವಳಿದ್ದಾಗಿನಿಂದ ಅವರು ಪಿಕ್‌ನಿಕ್‌ಗೆ ಹೋಗುತ್ತಿದ್ದ ಎಲಚಿ ಮರದ ಬುಡದಲ್ಲಿ. ಗೇಣುದ್ದದ ಕುರುಚಲು, ಕೆಂಪು ಕಾಂಡ, ದಪ್ಪ ಪುಟ್ಟ ಎಲೆ, ಸಾಸಿವೆಯಷ್ಟು ಹೂವು. ಸಂಘದ ಯಾವ ಹಾಳೆಯಲ್ಲೂ ಅಂಥದ್ದಿರಲಿಲ್ಲ. ಒಂದು ಕಡ್ಡಿಯನ್ನು ಪೇಪರಿನ ನಡುವೆ ಒತ್ತಿ ಒಣಗಿಸಿ, ನಿಜ್ವಾದ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರು ಫಾರಿಸ್ ಅವರಿಗೆ ಕಳಿಸಿದ್ದಳು. ಲಕೋಟೆಯಲ್ಲಿದ್ದದ್ದು ಅವರ ಉತ್ತರ.

ಶುಕ್ರವಾರದ ಸಭೆಗೆ ಅವಳು ಎಲ್ಲರಿಗಿಂತ ಮೊದಲೇ ಹೋದಳು. ಕುರ್ಚಿಗಳನ್ನು ಜೋಡಿಸಿದಳು, ಜೋಡಿಸಿದ್ದನ್ನೇ ಮತ್ತೆ ಸರಿಪಡಿಸಿದಳು. ಜೂಲಿಯನ್‌ರ ಹೆಂಡತಿ ಪ್ಯಾಟ್ರಿಷಿಯಾ ಕೊಟ್ಟ ಚಹಾ ಕೈಯಲ್ಲೇ ತಣ್ಣಗಾಯಿತು. ಜೂಲಿಯನ್ ಕನ್ನಡಕ ಒರೆಸಿ, ಗಂಟಲು ಸರಿಮಾಡಿ, ಲಕೋಟೆ ಒಡೆದರು.

ಫಾರಿಸ್ ಬಹಳ ಮರ್ಯಾದೆಯಿಂದ ಬರೆದಿದ್ದರು. ಇದು ಇಲ್ಲಿಯ ಗಿಡವಲ್ಲ. ಭಾರತದ ಪಶ್ಚಿಮ ಕರಾವಳಿಯ ಅಂಗಳಗಳ ಕಳೆ, ಒಣ ನೆಲದಲ್ಲಿ ಹೀಗೆ ಗಿಡ್ಡವಾಗಿದೆ. ಇಂಥವು ಸಾಮಾನ್ಯವಾಗಿ ಕುಂಡದ ಮಣ್ಣಿನ ಜೊತೆ ಬರುತ್ತವೆ. ಬೀಜ ಉದುರುವ ಮೊದಲು ದಯವಿಟ್ಟು ಬುಡಸಹಿತ ತೆಗೆಸಿರಿ.

ಪ್ಯಾಟ್ರಿಷಿಯಾ ಕಾಗದದಲ್ಲಿದ್ದ ಹೆಸರನ್ನು ಮೊಬೈಲಿನಲ್ಲಿ ಹುಡುಕಿ ಚಿತ್ರ ತೋರಿಸಿದಳು. "ದೇವಾ! ಇದು ನಮ್ಮ ಬಜ್ಪೆ ಅಂಗಳದ್ದೇ ಅಲ್ವಾ ಸ್ವರ್ಣಕ್ಕ? ಮಳೆಗಾಲದಲ್ಲಿ ಕಿತ್ತು ಕಿತ್ತು ಸಾಕಾಗ್ತಿತ್ತು."

ಯಾರೋ ನಕ್ಕರು. ಸ್ವರ್ಣಲತಾ ನಗಲಿಲ್ಲ. ಅವಳಿಗೆ ಆ ಎಲಚಿ ಮರದ ಬುಡ ಕಣ್ಣಿಗೆ ಕಟ್ಟಿತು. ತಾವು ಮೊದಲಿದ್ದ ಅಜೈಬಾದ ಮನೆ ಬಿಡುವಾಗ ತುಳಸಿ ಒಣಗಿಹೋಗಿತ್ತು. ಕುಂಡದಲ್ಲಿದ್ದದ್ದು ಕಾರ್ಕಳದ ಅಮ್ಮನ ಮನೆಯಿಂದ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಕಟ್ಟಿ ತಂದ ಮಣ್ಣು. ಸಂಕಪ್ಪ ಅದನ್ನು ಕಸದ ಡಬ್ಬಿಗೆ ಸುರಿಯಹೊರಟಾಗ ಅವಳು ಹೌಹಾರಿದ್ದಳು. ತುಳಸಿಯ ಮಣ್ಣನ್ನು ಕಸಕ್ಕೆ ಹಾಕುವುದುಂಟೇ? ಶುದ್ಧ ಜಾಗ ಬೇಕು, ನೀರಿನ ಹತ್ತಿರ ಬೇಕು ಎಂದು ಕಾರಿನಲ್ಲಿ ಅಷ್ಟು ದೂರ ಒಯ್ದು ಆ ಮರದ ಬುಡಕ್ಕೆ ಸುರಿದು ಕೈಮುಗಿದಿದ್ದಳು.

ಜೂಲಿಯನ್ ಕಾಗದ ಮಡಚಿದರು. "ಉತ್ತರ ಎಂತ ಬರೆಯುವ ಸ್ವರ್ಣಲತಾ? ಯಾರು ತಂದು ಹಾಕಿದ್ದೋ ನಮಗೇನು ಗೊತ್ತು?"

ಹೌದು ಎಂದಿದ್ದರೆ ಸಾಕಿತ್ತು. ಮರ್ಯಾದೆಯೂ ಉಳಿಯುತ್ತಿತ್ತು.

"ಗೊತ್ತುಂಟು ಸರ್. ನಾನೇ ಹಾಕಿದ್ದು," ಎಂದಳು. "ತೆಗೆಯುವುದೂ ನಾನೇ. ಹಾಗೇ ಬರೀತೇನೆ."

ಮರುದಿನ ಬೆಳಿಗ್ಗೆಯೇ ಗಂಡ ಹೆಂಡತಿ ವಾದಿಗೆ ಹೋದರು. ಬಿಸಿಲೇರುವವರೆಗೂ ಬಗ್ಗಿ ಕಿತ್ತರು. ಬೇರು ಕಲ್ಲಿನ ಸಂದಿಯಲ್ಲೆಲ್ಲ ಇಳಿದಿತ್ತು, ಸುಲಭಕ್ಕೆ ಬರಲಿಲ್ಲ. ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಇಷ್ಟು ವರ್ಷಗಳಲ್ಲಿ ತನ್ನದೆಂದು ಈ ನೆಲದಲ್ಲಿ ಬೇರು ಬಿಟ್ಟದ್ದು ಇದೊಂದೇ ಎಂದು ಅನಿಸಿತು.

ಕೊನೆಯ ಬುಡದ ಹತ್ತಿರ ಸಂಕಪ್ಪ ಕೈ ತಡೆದ. "ಇದೊಂದು ಇರಲಿ ಮಾರಾಯ್ತಿ. ಯಾರಿಗೆ ಗೊತ್ತಾಗ್ತದೆ?"

"ಬೇಡ. ನಮ್ಮ ವೀಸಾವೇ ಮುಗೀತಾ ಉಂಟು. ಇದಕ್ಕೆ ಎಂತದು?" ಎಂದು ಅದನ್ನೂ ಕಿತ್ತಳು.

ಗುಬ್ರಾದವರೆಗೂ ಪ್ಲಾಸ್ಟಿಕ್ ಚೀಲ ಅವಳ ಮಡಿಲಲ್ಲೇ ಇತ್ತು. ಬೇರಿಗೆ ಅಂಟಿದ ಮಣ್ಣನ್ನು ಅವಳು ಕೊಡವಿರಲಿಲ್ಲ. ಅದರಲ್ಲಿ ಅಮ್ಮನ ಅಂಗಳದ್ದೆಷ್ಟು, ವಾದಿಯದ್ದೆಷ್ಟು ಎಂದು ಈಗ ಯಾರಿಗೂ ಬೇರ್ಪಡಿಸಲಾಗುತ್ತಿರಲಿಲ್ಲ. ಫ್ಲಾಟಿನ ಕೆಳಗೆ ಕಾರು ನಿಂತಿತು. ಸಂಕಪ್ಪ ಇಳಿದು ಚೀಲಕ್ಕೆ ಕೈ ಚಾಚಿದ. ಸ್ವರ್ಣಲತಾ ಅವನ ಕೈಗೆ ಕೊಡಲಿಲ್ಲ. ಬೀದಿಯ ಕಸದ ಡಬ್ಬಿಯ ಹತ್ತಿರ ತಾನೇ ನಡೆದುಹೋಗಿ, ಚೀಲದ ಬಾಯಿ ಬಿಗಿಯಾಗಿ ಕಟ್ಟಿ, ತಾನೇ ಮುಚ್ಚಳ ಎತ್ತಿ ಒಳಗೆ ಹಾಕಿದಳು.