ಪುಣೆಯಲ್ಲಿ ನಾನು ಹೊಲಿದ ಹೊಟ್ಟೆಗಳು

ಬೆಳಿಗ್ಗೆ ಹತ್ತಕ್ಕೆ ನಾನು ಹೊಲಿದುಕೊಟ್ಟ ಹೊಟ್ಟೆಯನ್ನು ಹನ್ನೊಂದರೊಳಗೆ ಕೊಯ್ದು ಹಾಕಿರುತ್ತಿದ್ದರು. ಪುಣೆಯಲ್ಲಿ ಸಿಕ್ಕ ಕೆಲಸ ಇದು ಎಂದು ಬರೆದಾಗ, ಅವ್ವ ಆ ಕಾಗದವನ್ನು ಎರಡು ಸಲ ಓದಿಸಿ ಕೇಳಿದಳಂತೆ, ಮಗಳ ತಲೆ ಕೆಟ್ಟಿದೆಯೇನೋ ಎಂದು. ತಲೆ ನೆಟ್ಟಗೇ ಇತ್ತು. ಹೊಟ್ಟೆ ಮಾತ್ರ ಬಟ್ಟೆಯದು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಗಂಡನಿಗೆ ಅಲ್ಲಿನ ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಸಿಕ್ಕಿತೆಂದು ಕೊಟ್ಟೂರು ಬಿಟ್ಟು ಹೋದೆವು. ಇರಲು ಸಿಕ್ಕಿದ್ದು ಹಳೆಯ ವಾಡೆಯ ಒಂದೇ ಕೋಣೆ. ನಮ್ಮ ಕಡೆ ಬಾಗಿಲು ತೆರೆದಿದ್ದರೆ ಯಾರಾದರೂ ಬಂದು ಕೂಡುತ್ತಾರೆ. ಅಲ್ಲಿ ತೆರೆದಿದ್ದರೆ ಮುಚ್ಚಿಕೊಳ್ಳಿ ಎಂದು ಹೇಳಿ ಮುಂದೆ ಹೋಗುತ್ತಾರೆ. ಮಾತಿಲ್ಲದೆ ನಾಲಿಗೆ ಒಣಗಿಹೋಗಿತ್ತು. ನಾನು ಕಲಿತ ಮೊದಲ ಮರಾಠಿ ಶಬ್ದ ಗೋಧಡಿ, ಅಂದರೆ ಹಳೆ ಬಟ್ಟೆ ಸೇರಿಸಿ ಹೊಲಿಯುವ ನಮ್ಮ ಕೌದಿ. ಎರಡನೆಯದು ಪಿಶವಿ, ಅಂದರೆ ಚೀಲ. ಗರ್ಭಕೋಶಕ್ಕೆ ಅಲ್ಲಿಯ ಹೆಂಗಸರೂ ನಮ್ಮ ಹಾಗೆ ಚೀಲ ಎಂದೇ ಅನ್ನುತ್ತಾರೆ ಎಂದು ತಿಳಿದ ದಿನ ಊರು ಸ್ವಲ್ಪ ಹತ್ತಿರವಾದ ಹಾಗಾಯಿತು.

ಆಸ್ಪತ್ರೆಯ ಹರಿದ ಚಾದರಗಳಿಗೆ ಹೊಲಿಗೆ ಹಾಕುತ್ತಿದ್ದ ನನ್ನನ್ನು ಹೆಂಗಸರ ವಿಭಾಗದ ದೊಡ್ಡ ಡಾಕ್ಟರಮ್ಮ ಕರೆದು ಒಂದು ಚಿತ್ರ ಬರೆದು ತೋರಿಸಿದರು. ನಡುವೆ ಚೀಲ, ಪಕ್ಕಕ್ಕೆ ರಕ್ತನಾಳ, ಅದರ ಕೆಳಗೇ ನುಸುಳಿ ಹೋಗುವ ಮೂತ್ರನಾಳ. ಚೀಲ ತೆಗೆಯುವಾಗ ರಕ್ತನಾಳವನ್ನು ಕಟ್ಟಿ ಕೊಯ್ಯಬೇಕು, ಕೆಳಗಿನದಕ್ಕೆ ಕತ್ತರಿ ತಾಗಬಾರದು. ಕಲಿಯುವ ಡಾಕ್ಟರುಗಳು ಹೆಂಗಸಿನ ಮೈಮೇಲೆ ಕೈಯಿಡುವ ಮೊದಲು ಬಟ್ಟೆಯ ಮೇಲೆ ಕಲಿಯಲಿ ಎಂಬುದು ಅವರ ಹಟ. ಮೂತ್ರನಾಳದ ಬದಲಿಗೆ ಸಲೈನ್ ನಳಿಕೆಗೆ ಅರಿಶಿನ ನೀರು ತುಂಬಿ ಒಳಗಿಟ್ಟು ಹೊಲಿದೆ. ಅಡಿಯಲ್ಲಿ ಬಿಳಿ ಬಟ್ಟೆ ಹಾಸಿದೆ. ಕೈ ತಪ್ಪಿದರೆ ಹಳದಿ ಹರಿದು ಎಲ್ಲರಿಗೂ ಕಾಣುತ್ತಿತ್ತು.

ಆ ಚಿತ್ರ ನೋಡಿದಾಗಲೇ ನನಗೆ ಅಕ್ಕ ನೆನಪಾಗಿದ್ದಳು. ಇಟ್ಟಿಗಿ ಊರಿಗೆ ಮದುವೆ ಮಾಡಿಕೊಟ್ಟಿದ್ದ ನನ್ನಕ್ಕ ಉಚ್ಚಂಗೆಮ್ಮ, ಕಲಿಯುವ ಡಾಕ್ಟರೊಬ್ಬರ ಕೈಯಲ್ಲಿ ಚೀಲ ತೆಗೆಸಿಕೊಂಡು ಎರಡು ವರ್ಷವಾಗಿತ್ತು. ಅಂದಿನಿಂದ ಹಗಲೂ ರಾತ್ರಿ ಅವಳಿಗೆ ಮೂತ್ರ ಸೋರುತ್ತಿತ್ತು. ವಾಸನೆಗೆ ಅಂಜಿ ಅವಳು ಯಾರ ಮನೆಗೂ ಹೋಗುತ್ತಿರಲಿಲ್ಲ; ಉಡಿ ತುಂಬಲು ಅವಳನ್ನು ಯಾರೂ ಕರೆಯುತ್ತಲೂ ಇರಲಿಲ್ಲ. ಒಮ್ಮೆ ಅವಳ ಪಕ್ಕ ಕೂತಿದ್ದ ನಾನೇ ಸರಿದು ಕೂತಿದ್ದೆ. ಅದನ್ನು ಅವಳು ನೋಡಿದಳು. ಆ ನಾಚಿಕೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಮೊದಲ ವಾರವೇ ಎಡವಟ್ಟಾಯಿತು. ನಮ್ಮವ್ವ ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ನಾಲ್ಕು ಕಾಳು ಜೋಳ ಹಾಕುತ್ತಿದ್ದಳು, ಕೌದಿ ಹಸಿದಿರಬಾರದೆಂದು. ನನ್ನ ಕೈಯೂ ತನ್ನಷ್ಟಕ್ಕೆ ಹಾಕಿಬಿಟ್ಟಿತ್ತು. ಮೇಧಾ ಎಂಬ ಕಲಿಯುವ ಡಾಕ್ಟರ್ ಹುಡುಗಿ ಹೊಟ್ಟೆ ಕೊಯ್ದರೆ ಒಳಗೆ ಜೋಳ! ಎಲ್ಲರೂ ನಕ್ಕರು, ಡಾಕ್ಟರಮ್ಮ ನಗಲಿಲ್ಲ. ಹೆಂಗಸಿನ ಹೊಟ್ಟೆಯೊಳಗೆ ಅವಳದಲ್ಲದ ಒಂದು ಎಳೆಯೂ ಉಳಿಯಬಾರದು, ಇವರು ಕಲಿಯಬೇಕಾದದ್ದೇ ಅದು ಎಂದರು. ಊರಲ್ಲಿ ಬರಿದಾಗಿ ಮುಚ್ಚಬಾರದು, ಇಲ್ಲಿ ಏನನ್ನೂ ಬಿಟ್ಟು ಮುಚ್ಚಬಾರದು. ಬೈಸಿಕೊಂಡ ಆ ಹೊತ್ತಿನಲ್ಲೇ ಧೈರ್ಯ ಮಾಡಿ ಅಕ್ಕನ ಸಂಗತಿ ಹೇಳಿದೆ. ಕರೆಸು ಎಂದರು.

ಅಕ್ಕ ಬಂದಳು. ಪರೀಕ್ಷೆ ಮಾಡಿದ ಡಾಕ್ಟರಮ್ಮ, ಕೊಯ್ದುಹೋದ ನಾಳವನ್ನು ಮತ್ತೆ ಜೋಡಿಸಬಹುದು, ನಾನೇ ಮಾಡುತ್ತೇನೆ, ಆದರೆ ತಡಮಾಡುವ ಹಾಗಿಲ್ಲ ಎಂದರು. ಅಕ್ಕ ಒಪ್ಪಲಿಲ್ಲ.

"ಒಮ್ಮೆ ಮಲಗಿ ಸಾಕಾಗೈತಿ. ಕಲಿಯಾಕ ನಾನಾ ಸಿಕ್ಕೆನೇನು ಎಲ್ಲಾರಿಗೂ?"

ಇಲ್ಲಿ ಮೊದಲು ಬಟ್ಟೆಯ ಮೇಲೆ ಕಲಿಯುತ್ತಾರೆಂದು ತೋರಿಸಲು, ಡಾಕ್ಟರಮ್ಮನ ಅಪ್ಪಣೆ ಕೇಳಿ ಅವಳನ್ನು ಆಸ್ಪತ್ರೆಯಲ್ಲಿ ನಾನು ಹೊಲಿಯುವ ಕೋಣೆಗೆ ಕರೆದೊಯ್ದು ಕೂರಿಸಿದೆ. ಅಲ್ಲಿ ಬಟ್ಟೆಯ ಹೊಟ್ಟೆಯ ಮುಂದೆ ಮೇಧಾ ಕತ್ತರಿ ಹಿಡಿದಿದ್ದಳು. ನನ್ನ ಗ್ರಹಚಾರ, ಅಂದೇ ಅವಳ ಕೈ ತಪ್ಪಿತು. ಬಿಳಿ ಬಟ್ಟೆಯ ಮೇಲೆ ಹಳದಿ ಹರಡಿತು.

ಅಕ್ಕ ಎದ್ದು ನಿಂತಳು. "ನೋಡಿದೇನ? ನನಗೂ ಹಿಂಗಾ ಆತು. ನಾ ಊರಿಗೆ ಹೋಗ್ತೀನಿ."

"ಕುಂದ್ರಕ್ಕಾ. ಅದು ಬಟ್ಟಿ ಐತಿ. ಇನ್ನೊಂದು ಹೊಲೀತೀನಿ."

ಹೊಲಿದೆ. ಅದೂ ಸೋರಿತು. ಮೇಧಾಳಿಗೆ ಕನ್ನಡ ಬಾರದು, ಆದರೂ ಅಕ್ಕನ ಮುಖ ನೋಡಿ ಅವಳ ಕಣ್ಣು ತುಂಬಿದವು. ಊಟಕ್ಕೂ ಏಳದೆ ಇನ್ನೊಂದು ಕೊಡಿ ಎಂದಳು. ಮೂರನೆಯದನ್ನು ಮುಗಿಸಿದಾಗ ಮಧ್ಯಾಹ್ನ ಇಳಿದಿತ್ತು. ಅಕ್ಕ ಹತ್ತಿರ ಹೋಗಿ, ಅಡಿಯ ಬಿಳಿ ಬಟ್ಟೆಯ ಮೇಲೆ ಅಂಗೈ ಇಟ್ಟು ಸವರಿದಳು. ತಿರುಗಿ ಇನ್ನೊಮ್ಮೆ ಸವರಿದಳು.

"ಒಣಗೇ ಐತಿ," ಎಂದಳು. "ಮಲಗ್ತೀನಂತ ಹೇಳವ್ವ."

ಡಾಕ್ಟರಮ್ಮ ಆಪರೇಷನ್ ಮಾಡಿದರು, ಮೇಧಾ ಪಕ್ಕದಲ್ಲಿ ನಿಂತಿದ್ದಳು. ಸೋರುವುದು ನಿಂತಿತು. ಅಕ್ಕ ಊರಿಗೆ ಹೊರಟ ದಿನ ವಾರ್ಡಿನಲ್ಲೇ ಅವಳಿಗೆ ಉಡಿ ತುಂಬಿದೆ: ಅಕ್ಕಿ, ಒಣಕೊಬ್ಬರಿ, ಅರಿಶಿನದ ಕೊಂಬು, ಕುಪ್ಪಸದ ಬಟ್ಟೆ. ಅವಳು ಎರಡೂ ಕೈಯಿಂದ ಸೆರಗು ಒಡ್ಡಿದಳು. ಆಮೇಲೆ ಅವಳ ಮೈಗೆ ಮೈ ತಾಗಿಸಿ ಕೂತೆ. ಅವಳು ಗಂಟಿನಿಂದ ಒಂದು ಹಳೆಯ ಸೀರೆ ತೆಗೆದಳು.

"ಎರಡು ವರ್ಷ ಇದರಾಗ ಅತ್ತೀನಿ. ಚೊಲೋ ತೊಳದೀನಿ. ಆಗ ನನ್ನ ಮ್ಯಾಲೆ ಕಲಿತ್ರು, ಈಗ ಇದರ ಮ್ಯಾಲೆ ಕಲೀಲಿ. ನೀ ಊರಿಗೆ ಯಾವಾಗ ಬರ್ತಿ?"

ಹೋಗಲು ಮನಸ್ಸಿತ್ತು, ಹೋದರೆ ಹೊಟ್ಟೆ ಹೊಲಿಯುವವರು ಯಾರು ಎಂಬ ಯೋಚನೆಯೂ ಇತ್ತು. ಇಂದಿಗೂ ಎರಡೂ ಹಾಗೇ ಇವೆ.

ಆ ಸೀರೆಗೆ ಕತ್ತರಿ ಹಾಕಲು ನನಗೆ ಎಂಟು ದಿನ ಬೇಕಾಯಿತು. ಹೊಲಿದು, ಕೊನೆಯ ಮೂಲೆ ಮುಚ್ಚುವಾಗ ಕೈ ಜೋಳದ ಡಬ್ಬಿಗೆ ಹೋಗಿ ನಾಲ್ಕು ಕಾಳು ತೆಗೆದುಕೊಂಡುಬಿಟ್ಟಿತ್ತು. ಅವನ್ನು ನನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಹೊಟ್ಟೆಯನ್ನು ಬರಿದಾಗಿಯೇ ಹೊಲಿದು ಮೇಧಾಳಿಗೆ ಕೊಟ್ಟೆ.