ಬರ್ನಡೀನ್ ಬೀಗ ಹಾಕಿಟ್ಟ ಸೈರನ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಾಫ್ಟನ್ ಊರಿನ ಅಗ್ನಿಶಾಮಕ ದಳದ ಹಿಂದಿನ ಕೋಣೆಯಲ್ಲಿ ಬರ್ನಡೀನ್ ಶೆಮಾನ್‌ಸ್ಕಿ ಮೇಜಿನ ಮೇಲೆ ಬಗ್ಗಿ, ಹಿತ್ತಾಳೆ ಬ್ರಷ್ಷಿನಿಂದ ಕಬ್ಬಿಣದ ಚಕ್ರವೊಂದನ್ನು ಉಜ್ಜುತ್ತಿದ್ದಾರೆ. ನನ್ನ ಹೆಜ್ಜೆ ಸದ್ದು ಕೇಳಿದ್ದೇ ತಡ, ಚಕ್ರದ ಮೇಲೆ ಹಳೆಯ ಟವೆಲ್ ಬೀಳುತ್ತದೆ.

"ಯಾರು ಕಳ್ಸಿದ್ದು ನಿನ್ನ?"

"ಪತ್ರಿಕೆಯವರು. ಫೋನ್ ಮಾಡಿದ್ನಲ್ಲ?"

"ಹೋದ ಸಲ ಬಂದೋನೂ ಪತ್ರಿಕೆ ಅಂತಾನೇ ಅಂದ. ಆಮೇಲೆ ನೋಡಿದ್ರೆ ಹಳೇ ಸೈರನ್ ಕೂಡಿಡೋ ಆಸಾಮಿ. ಕೈ ಜೇಬಿಂದ ಆಚೆ ತೆಗಿ."

ತೆಗೆಯುತ್ತೇನೆ. ಅಂಗೈ ಎರಡೂ ನೋಡಿದ ಮೇಲೆ ಟವೆಲ್ ಸರಿಯುತ್ತದೆ. ಬರ್ನಡೀನ್ ಗಣಿ ಮೋಟಾರುಗಳ ರಿಪೇರಿ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತಾ ಕೂದಲು ನರೆಸಿಕೊಂಡವರು. ಗಣಿ ಮುಚ್ಚಿತು, ಅಂಗಡಿಯೂ ಮುಚ್ಚಿತು. ಈಗ ಶುಕ್ರವಾರ ಸಂಜೆ ಇದೇ ಕಟ್ಟಡದಲ್ಲಿ ಊರಿಗೆಲ್ಲ ಆಲೂಗಡ್ಡೆ ದೋಸೆ ಹುಯ್ಯುತ್ತಾರೆ. ಉಳಿದ ದಿನ ಗೋಪುರದ ಮೇಲಿನ ಬೆಂಕಿ ಸೈರನ್ನಿಗೆ ಕಾವಲು; ಈ ಚಕ್ರ ಅದರದೇ.

ಪೆನ್ಸಿಲ್ವೇನಿಯಾದ ಈ ಕಲ್ಲಿದ್ದಲು ಗುಡ್ಡಗಳ ಮಧ್ಯೆ ಸಿಗ್ನಲ್ ಸಿಗದ ಪೇಜರುಗಳನ್ನು ನಂಬಿ ಕೂತರೆ ಮನೆ ಸುಟ್ಟ ಮೇಲೆ ಸುದ್ದಿ ಬರುತ್ತದೆ. ಸೈರನ್ ಕೂಗಿದರೆ ಮಾತ್ರ ದಳದವರು ಊಟದ ತಟ್ಟೆ ಬಿಟ್ಟು ಓಡುತ್ತಾರೆ. ಆದರೆ ಅದರ ದನಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂದು, ಈ ವಸಂತದಲ್ಲಿ ಮುದಿ ಎಮ್ಮೆ ನರಳಿದ ಹಾಗೆ ಆಗಿತ್ತು. ಪುರಸಭೆ ಕಡ್ಡಿ ಮುರಿದ ಹಾಗೆ ಹೇಳಿದೆ: ಶನಿವಾರ ಮಧ್ಯಾಹ್ನ ಗುಡ್ಡದ ಮೇಲಿನ ಕೊನೆಯ ಮನೆಗೆ ಕೇಳಿಸಬೇಕು, ಇಲ್ಲದಿದ್ದರೆ ಇಳಿಸಿ ಆ ಆಸಾಮಿಗೇ ಮಾರುತ್ತೇವೆ.

ಆ ಕೊನೆಯ ಮನೆ ಟೆರೆನ್ಸ್ ವಿಟ್ಲೋ ಅವರದು. ಫಿಲಡೆಲ್ಫಿಯಾದಿಂದ ಬಂದು ನೆಲೆಸಿದ ಈ ಮನುಷ್ಯ ಮೊದಮೊದಲು ಸೈರನ್ ಗಲಾಟೆ ಅಂತ ತಿಂಗಳು ತಪ್ಪದೆ ದೂರು ಕೊಡುತ್ತಿದ್ದರು. ದನಿ ಇಳಿದಂತೆ ದೂರೂ ನಿಂತಿತು. ಅವರೇ ಏನೋ ಮಾಡಿದ್ದಾರೆ ಎನ್ನಲು ಊರಿಗೆ ಅಷ್ಟೇ ಸಾಕಾಯಿತು. ದಳದ ಮುಖ್ಯಸ್ಥ ರೇ ಡೊಂಬ್ರೊಸ್ಕಿ ನನ್ನ ಕಿವಿಯ ಹತ್ತಿರ ಬಂದು ಹೇಳುತ್ತಾರೆ: "ಅವನ ಶೆಡ್ಡಲ್ಲಿ ಉದ್ದನೇ ಏಣಿ ಇದೆ. ಒಂಟಿ ಮನುಷ್ಯನಿಗೆ ಅಷ್ಟುದ್ದ ಏಣಿ ಯಾಕೆ ಹೇಳು?"

ಶುಕ್ರವಾರದ ಊಟಕ್ಕೆ ಬಂದರೆ ಅವರ ಮೇಜಿಗೆ ಯಾರೂ ಕೂರುವುದಿಲ್ಲ. ಬರ್ನಡೀನ್ ಕೂಡ ಅವರ ತಟ್ಟೆಗೆ ಸೀದ ದೋಸೆಯನ್ನೇ ಹುಡುಕಿ ಹಾಕುತ್ತಿದ್ದರಂತೆ.

ಸೈರನ್ ಇಳಿಸಿ ಬಿಚ್ಚಿದಾಗ ಒಳಗೆ ಮರಳಿರುತ್ತದೆ, ಮೊಳೆಯಿರುತ್ತದೆ ಎಂದು ಎಲ್ಲರೂ ಕಾದಿದ್ದರು. ಸಿಕ್ಕಿದ್ದು ಬಣ್ಣ. ಸೀಳುಗಳಿರುವ ಡಬ್ಬಿಯೊಳಗೆ ರೆಕ್ಕೆಗಳಿರುವ ಚಕ್ರ ತಿರುಗಿದರೆ ಸೈರನ್ ಕೂಗುತ್ತದೆ. ಎರಡರ ಮಧ್ಯೆ ಇರುವುದು ಉಗುರಿನಷ್ಟು ಸಂದು. ಪ್ರತಿ ಮೇ ತಿಂಗಳ ಮೆರವಣಿಗೆಗೆ ಮುಂಚೆ ದಳದವರು ಪ್ರೀತಿಯಿಂದ ಸೈರನ್ನಿಗೆ ಹೊಸ ಕೆಂಪು ಬಳಿಯುತ್ತಾರೆ. ಹೊರಗೆ ಬಳಿದರೆ ಸಮಾಧಾನವಿಲ್ಲ, ಸೀಳಿನಲ್ಲಿ ಬ್ರಷ್ ತೂರಿಸಿ ಒಳಗೂ ಬಳಿದಿದ್ದಾರೆ. ಪದರದ ಮೇಲೆ ಪದರ ಕೂತು ಸಂದು ಮುಚ್ಚಿ, ಚಕ್ರ ತಿಕ್ಕಿಕೊಂಡು ತಿಣುಕುತ್ತಿತ್ತು.

ಬರ್ನಡೀನ್ ಕೆರೆದಿಟ್ಟ ಒಂದು ಚಕ್ಕೆಯನ್ನು ನನ್ನ ಅಂಗೈಗೆ ಹಾಕುತ್ತಾರೆ. ಕೆಂಪಿನ ಕೆಳಗೆ ಹಸಿರು.

"ಇದು ನಮ್ಮನೆ ವರಾಂಡದ ಬಣ್ಣ. ಒಂದ್ ವರ್ಷ ಕೆಂಪು ಸಾಲ್ಲಿಲ್ಲ ಅಂತ ಲಿಯೋ ಮನೆ ಡಬ್ಬಿ ತಂದು ಮುಗಿಸಿದಾನೆ."

ಲಿಯೋ ಎಂದರೆ ಬರ್ನಡೀನ್ ಅವರ ಗಂಡ, ತೀರಿಕೊಳ್ಳುವವರೆಗೂ ದಳದ ಬಣ್ಣದ ಕೆಲಸವೆಲ್ಲ ಅವನದೇ.

"ಆ ಟೆರೆನ್ಸ್‌ನ ಹಿಡಿಶಾಪ ಹಾಕಿದೆ. ಕಳ್ಳ ನನ್ ಪಕ್ಕದಲ್ಲೇ ಮಲಗ್ತಿದ್ದ." ನಗಲು ನೋಡುತ್ತಾರೆ, ಆಗುವುದಿಲ್ಲ. ಅವಮಾನಕ್ಕಿಂತ ಲಿಯೋನ ನೆನಪೇ ಹೆಚ್ಚು ಕಾಡುತ್ತಿದೆ ಎಂದು ನನಗನಿಸುತ್ತದೆ.

ರೇ ಮಾತ್ರ ಒಪ್ಪುವುದಿಲ್ಲ. "ಬಣ್ಣ ಸರಿ ಕಣೇ ಬರ್ನಿ, ಆದ್ರೆ ಆ ಏಣಿ?" ಅವರಿಗೆ ಇನ್ನೊಂದು ಗುಮಾನಿಯೂ ಇದೆ. ಕೇಳಿಸಿತೋ ಇಲ್ಲವೋ ಎಂದು ಹೇಳಬೇಕಾದವನು ಟೆರೆನ್ಸ್. "ಇಲ್ಲ" ಅಂದುಬಿಟ್ಟರೆ ಅವನಿಗೆ ಸೈರನ್ ಪೀಡೆ ತೊಲಗಿತು. ಅವನ ಬೇಲಿಯ ಹಿಂದೆ ನಮ್ಮವನೊಬ್ಬನನ್ನು ಬಚ್ಚಿಡೋಣ ಎನ್ನುತ್ತಾರೆ. ಬರ್ನಡೀನ್ ಬೇಡವೆಂದು, ಶುಕ್ರವಾರ ತಾವೇ ಬಿಸಿ ದೋಸೆ ಹಿಡಿದು ಗುಡ್ಡ ಹತ್ತಿ, ಇದ್ದದ್ದು ಇದ್ದ ಹಾಗೆ ಹೇಳಿ ಬರುತ್ತಾರೆ.

"ಏನಂದ?" ರೇ ಕೇಳುತ್ತಾರೆ.

"ತಟ್ಟೆ ಇಸ್ಕೊಂಡ, ಬಾಗ್ಲು ಹಾಕ್ಕೊಂಡ." ಆ ಬಾಗಿಲಿನ ಬಗ್ಗೆ ಅವರಿಗೂ ಅನುಮಾನ ಹೋಗಿಲ್ಲ.

ಶನಿವಾರ ಮಧ್ಯಾಹ್ನ ಜೋಡಿಸಿದ ಸೈರನ್ ಮತ್ತೆ ಗೋಪುರದ ಮೇಲಿದೆ, ಊರೆಲ್ಲ ಕೆಳಗೆ ಸೇರಿದೆ. ಬರ್ನಡೀನ್ ಸ್ವಿಚ್ ಒತ್ತುತ್ತಾರೆ. ಮೊದಲು ಒಂದು ಗೊರಗೊರ. ಆಮೇಲೆ ದನಿ ಏರುತ್ತದೆ, ಏರುತ್ತಲೇ ಹೋಗುತ್ತದೆ. ರೇ ಟೋಪಿ ತೆಗೆಯುತ್ತಾರೆ.

ಸೈರನ್ ನಿಂತ ಮೇಲೂ ಎಲ್ಲರ ಕಣ್ಣು ಗುಡ್ಡದ ದಾರಿಯ ಮೇಲೆ. ಟೆರೆನ್ಸ್ ದಾಪುಗಾಲು ಹಾಕುತ್ತಾ ಇಳಿದು ಬರುತ್ತಾರೆ, ಕೈಯಲ್ಲಿ ಖಾಲಿ ತಟ್ಟೆ. ಪುರಸಭೆಯ ಅಧ್ಯಕ್ಷೆ ಕೇಳುತ್ತಾರೆ: "ಮೇಲೆ ಕೇಳಿಸ್ತಾ?"

"ಕೇಳಿಸ್ತಾ ಅಂತೀರಲ್ರೀ! ನಮ್ಮ ನಾಯಿ ಮಂಚದ ಕೆಳಗೆ ಸೇರ್ಕೊಂಡಿದೆ, ಎಷ್ಟು ಕರೆದ್ರೂ ಬರ್ತಿಲ್ಲ. ಇದೇನು ಮನುಷ್ಯರಿರೋ ಊರಾ? ಬರ್ಕೊಳ್ಳಿ ನನ್ ದೂರು!"

ಅಧ್ಯಕ್ಷೆ ಬರೆದುಕೊಳ್ಳುತ್ತಾರೆ. ಊರು ಚಪ್ಪಾಳೆ ತಟ್ಟುತ್ತದೆ. ಯಾಕೆಂದು ಟೆರೆನ್ಸ್‌ಗೆ ಗೊತ್ತು, ಮುಖ ಗಂಟು ಹಾಕಿಕೊಂಡೇ ತಟ್ಟೆ ಚಾಚುತ್ತಾರೆ. ಬರ್ನಡೀನ್ ಅದನ್ನು ತಿರುವಿ ತಿರುವಿ ಬೆಳಕಿಗೆ ಹಿಡಿದು ನೋಡುತ್ತಾರೆ. ತೊಳೆದೇ ತಂದಿದ್ದಾರೆ.

ಇನ್ನೇನು ಆಸೆ ಇದೆ ಎಂದು ಹೊರಡುವ ಮುಂಚೆ ಕೇಳುತ್ತೇನೆ. ಗೋಪುರದ ಬಾಗಿಲಿಗೆ ಬೀಗ ಹಾಕಿ, ಒಮ್ಮೆ ಜಗ್ಗಿ ನೋಡಿ, ಬರ್ನಡೀನ್ ಹೇಳುತ್ತಾರೆ: "ಬ್ರಷ್ ಹಿಡ್ಕೊಂಡು ಯಾರೂ ಮೇಲೆ ಹತ್ಬಾರ್ದು. ಮತ್ತೆ ಆ ಮನುಷ್ಯ ತಿಂಗಳಾ ತಿಂಗಳಾ ದೂರು ಕೊಡ್ತಾ ಇರ್ಲಿ. ಅವನು ಸುಮ್ನಾದ ದಿನ ನಾನು ಏಣಿ ಹತ್ತಿ ನೋಡ್ಬೇಕು."