ಎರಡನೆಯ ಕಚ್ಚು

ಮೇಸ್ತ್ರಿಯವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಆ ಸೀಳಿನಲ್ಲಿ ಡಾಂಬರು ಸೇರಿಕೊಂಡು ಯಾವ ಸೋಪಿಗೂ ಜಗ್ಗದ ಕಪ್ಪು ಗೆರೆಯಾಗಿತ್ತು. ಕಣ್ಣಿಗೆ ಪೊರೆ ಬಂದ ಮೇಲೆ ಅವರು ಮರವನ್ನು ನೋಡುತ್ತಿದ್ದದ್ದೇ ಆ ಬೆರಳಿನಿಂದ. ಹಲಗೆಗಳ ಸಂದಿನ ಮೇಲೆ ಅದನ್ನು ಎಳೆದುಕೊಂಡು ಹೋಗಿ, ತಪ್ಪಿರುವ ಕಡೆ ನಿಲ್ಲಿಸಿ, ನನ್ನ ಕಡೆ ತಿರುಗುತ್ತಿದ್ದರು. ನಾನು ಬೈಗುಳಕ್ಕೆ ತಯಾರಾಗುತ್ತಿದ್ದೆ.

ನಾನು ಅವರಲ್ಲಿಗೆ ಹೋದದ್ದು ಅಮ್ಮನ ಮಂಚದ ಕಾಲು ರಿಪೇರಿಗೆ. ಅಮ್ಮ ತೀರಿಕೊಂಡು ನಾಲ್ಕು ತಿಂಗಳಾಗಿತ್ತು, ಆ ಮಂಚದಲ್ಲಿ ಮಲಗುವವರು ಯಾರೂ ಇರಲಿಲ್ಲ. ಆದರೂ ಸರಿ ಮಾಡಿಸಬೇಕೆನಿಸಿತ್ತು. ನನಗೆ ಯಲಹಂಕದ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ. ವಾರವಿಡೀ "ಮಾತಾಡಬೇಡಿ" ಎಂದು ಮಕ್ಕಳನ್ನು ಗದರುತ್ತೇನೆ, ಭಾನುವಾರ ಮನೆಯಲ್ಲಿ ಒಂದು ಮಾತಿಗೆ ಹಾತೊರೆಯುತ್ತೇನೆ. ಯಾರೋ ಹುಣಸಮಾರನಹಳ್ಳಿಯ ಈ ಶೆಡ್ಡಿನ ದಾರಿ ಹೇಳಿದರು. ಮೇಸ್ತ್ರಿಯವರ ತಮ್ಮನ ಮಗ ಬಿಲ್ಡರ್. ಅವನ ಸೈಟಿನ ಮೂಲೆಯಲ್ಲಿ, ಸೆಂಟ್ರಿಂಗ್ ಶೀಟುಗಳ ರಾಶಿಯ ಹಿಂದೆ, ಅವರೊಬ್ಬರೇ ಕೂತಿದ್ದರು.

"ಮಂಚ ಗಿಂಚ ನಾನ್ ಮುಟ್ಟಲ್ಲ ಕಣಮ್ಮ. ದೋಣಿ ಮಾಡೋದಾದ್ರೆ ಕೂತ್ಕೊ," ಅಂದರು.

ಕೂತೆ. ಮಂಚದ ಕಾಲು ಇವತ್ತಿಗೂ ಹಾಗೇ ಇದೆ.

ಹಿಂದೆ ಸುತ್ತಲಿನ ಕೆರೆಗಳಲ್ಲಿ ಮೀನು ಹಿಡಿಯುವವರಿಗೆಲ್ಲ ಅವರದೇ ದೋಣಿ. ಫೈಬರ್ ದೋಣಿ ಬಂದ ಮೇಲೆ ಕೇಳುವವರಿಲ್ಲ. ಈಗ ಹಲಸಿನ ಹಲಗೆಯಲ್ಲಿ ಶುರು ಮಾಡಿದ್ದನ್ನೂ ಯಾರೂ ಕೇಳಿರಲಿಲ್ಲ. "ಕೈ ಇನ್ನೂ ಐತಾ ಅಂತ ನೋಡ್ಬೇಕು. ನನ್ ಅಲಗೆ ಒಂದ್ ಸೋರಿದ್ರೂ ಅವತ್ತೇ ಉಳಿ ಕೆಳಗಿಡ್ತೀನಿ," ಅನ್ನುತ್ತಿದ್ದರು.

ಅವರದೊಂದು ಪದ್ಧತಿಯಿತ್ತು. ಹಲಗೆ ಕೂರಿಸಿದವರು ಅದರ ಒಳಮೈಯಲ್ಲಿ ತಮ್ಮ ಗುರುತು ಹಾಕಬೇಕು. ಅವರದು ಉಳಿಯಿಂದ ಒಂದು ಕಚ್ಚು, ನನ್ನದು ಎರಡು. "ಸೋರಿದ್ರೆ ಸುಮ್ನೆ ಇನ್ನೊಬ್ರು ಬೈಸ್ಕೋಬಾರ್ದಲ್ಲ?"

ನನ್ನ ಮೊದಲ ಹಲಗೆಯನ್ನು ಕಾಗದವೂ ತೂರದಷ್ಟು ಬಿಗಿಯಾಗಿ ಕೂರಿಸಿ ಬೀಗಿದ್ದೆ. ಮೇಸ್ತ್ರಿ ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸಿದರು. ಮುಂದಿನ ಭಾನುವಾರ ನೋಡಿದರೆ ಹಲಗೆ ಉಬ್ಬಿ, ಮೊಳೆ ಕಿತ್ತುಕೊಂಡು ಎದ್ದಿತ್ತು. "ಮರ ನೀರ್ ಕುಡಿಯುತ್ತೆ, ಅದಕ್ಕೆ ಜಾಗ ಬ್ಯಾಡ್ವಾ? ಸಂದು ಬಿಡ್ಬೇಕು, ಇಂಗೆ," ಎಂದು ಆ ಸಂದಿಗೆ ಹತ್ತಿ ತುಂಬಿ ಡಾಂಬರು ಬಳಿಯುವುದನ್ನು ನನ್ನ ಕೈ ಹಿಡಿದು ಮಾಡಿಸಿದರು. ಅಮ್ಮ ಹೋದ ಮೇಲೆ ಯಾರೂ ನನ್ನ ಕೈ ಹಿಡಿದಿರಲಿಲ್ಲ.

ದೋಣಿ ಮುಗಿಯಲು ಒಂದು ವರ್ಷದ ಮೇಲಾಯಿತು. ಕೆರೆಗೆ ಇಳಿಸುವ ಮುಂಚೆ ಇಟ್ಟಿಗೆಗಳ ಮೇಲೆ ನಿಲ್ಲಿಸಿ, ಒಳಗೆ ನೀರು ತುಂಬಿ ಪರೀಕ್ಷೆ ಮಾಡುವುದು ಅವರ ಕ್ರಮ. ಎರಡು ದಿನ ನೆನೆದ ಮೇಲೂ ಒಂದು ಕಡೆ ಹನಿ ಬೀಳುತ್ತಲೇ ಇತ್ತು. ಒಳಗೆ ಇಣುಕಿದೆ. ಒಂದೇ ಕಚ್ಚಿನ ಹಲಗೆ.

"ಯಾರ್ದು?" ಮೇಸ್ತ್ರಿ ಕೇಳಿದರು.

"ನಂದು," ಅಂದುಬಿಟ್ಟೆ. ಅವರ ಮೇಲಿನ ಮರುಕಕ್ಕೆ ಅಂದೆ ಎಂದರೆ ಅದೂ ಸುಳ್ಳೇ. ಅವರು ಉಳಿ ಕೆಳಗಿಟ್ಟರೆ ನನ್ನ ಭಾನುವಾರಗಳ ಗತಿ ಏನೆಂದು ಹೆದರಿದ್ದೆ.

ಮೇಸ್ತ್ರಿ ಆ ಸಂದಿನ ಮೇಲೆ ಬೆರಳಾಡಿಸಿದರು. ಆಮೇಲೆ ಚೆನ್ನಾಗಿ ಬೈದರು. "ಒಂದ್ ವರ್ಷದಿಂದ ಬಡ್ಕೊಂತಿದೀನಿ, ಕಿವೀಲಿ ಹತ್ತಿ ಇಟ್ಕೊಂಡಿದ್ಯಾ? ಅದನ್ನಾದ್ರೂ ತೆಗ್ದು ಸಂದಿಗೆ ತುಂಬಬಾರ್ದಾ? ಒಣಗ್ಲಿ, ಮುಂದಿನ್ ವಾರ ನೀನೇ ಸರಿ ಮಾಡು."

ಅಷ್ಟೂ ಬೈಸಿಕೊಂಡು ಖುಷಿಯಾಗಿ ಮನೆಗೆ ಬಂದೆ.

ಗುರುವಾರ ಮೇಸ್ತ್ರಿಯವರ ತಮ್ಮನ ಮಗ ಫೋನ್ ಮಾಡಿದ. "ದೊಡ್ಡಪ್ಪ ಹೋಗ್ಬಿಟ್ರು ಅಕ್ಕ. ಬೆಳಗ್ಗೆ ಕಾಫಿ ಕುಡ್ದು ಮಲಗಿದೋರು ಏಳ್ಲೇ ಇಲ್ಲ."

ತಿಥಿ ಮುಗಿದ ಮೇಲೆ ಶೆಡ್ಡಿಗೆ ಹೋದೆ. ದೋಣಿ ಒಣಗಿತ್ತು. ಸೋರಿದ ಹಲಗೆಯಲ್ಲಿ ಅವರ ಹಳೆಯ ಕಚ್ಚಿನ ಪಕ್ಕ ಇನ್ನೊಂದು ಕಚ್ಚು ಇತ್ತು, ನನ್ನ ಗುರುತಿನ ಹಾಗೆ ಎರಡು. ಹೊಸದು, ಒಳಗಿನ ಹಲಸು ಇನ್ನೂ ಹಳದಿಯಾಗಿಯೇ ಇತ್ತು. ಅದರ ನೇರ ಕೆಳಗೆ, ದೋಣಿಯ ತಳದಲ್ಲಿ, ಉಳಿ ಇಟ್ಟಿದ್ದರು. ಎಲ್ಲ ಗೊತ್ತಿದ್ದೇ ಬೈದಿದ್ದರು.

ಕೂತು ಅತ್ತೆ. ಆಮೇಲೆ ಅದೇ ಉಳಿಯಿಂದ ಹಳೆಯ ಹತ್ತಿ ಕೆದಕಿ ತೆಗೆದು, ಅವರು ತೋರಿಸಿದಂತೆ ಹೊಸದು ತುಂಬಿ, ಡಾಂಬರು ಬಳಿದೆ. ಅದು ಆರಿದ ಮೇಲೆ ನೀರು ತುಂಬಿಸಿ, ಎರಡು ದಿನ ಬಿಟ್ಟು ಬಂದು ನೋಡಿದೆ. ಇಟ್ಟಿಗೆಗಳ ಸುತ್ತ ನೆಲ ಒಣಗಿಯೇ ಇತ್ತು. ನನ್ನ ಹೆಬ್ಬೆರಳನ್ನು ಆ ಸಂದಿನ ಮೇಲೆ ಕೊನೆಯವರೆಗೂ ಎಳೆದುಕೊಂಡು ಹೋದೆ. ಎಲ್ಲೂ ನಿಲ್ಲಲಿಲ್ಲ.

"ಸೋರ್ತಿಲ್ಲ ಮೇಸ್ತ್ರಿ," ಅಂದೆ, ಜೋರಾಗಿಯೇ. ಶೆಡ್ಡಿನಲ್ಲಿ ನಾನೊಬ್ಬಳೇ ಇದ್ದೆ.